ಸ್ಪೋರ್ಟ್‌ಐಡೆಂಟ್ ಸಿಯಾಕ್ ಕಾರ್ಡ್: ದುಡ್ಡಿಗೆ ಮೋಸ ಇಲ್ಲ, ಬ್ಯಾಟರಿ ಮಾತ್ರ ನೋಡ್ಕೊಳ್ಳಿ

ಓರಿಯಂಟಿಯರಿಂಗ್ (ನಕ್ಷೆ, ದಿಕ್ಸೂಚಿ ಹಿಡಿದು ಚೆಕ್‌ಪಾಯಿಂಟ್ ಹುಡುಕುತ್ತಾ ಓಡುವ ಆಟ) ಓಡುವವರಿಗೆ ನಾನು ಧೈರ್ಯವಾಗಿ ಹೇಳುವ ಸಾಮಾನು ಇದು. ಜರ್ಮನಿಯ ಸ್ಪೋರ್ಟ್‌ಐಡೆಂಟ್ ಕಂಪನಿಯದು. ಎಲಾಸ್ಟಿಕ್ ಪಟ್ಟಿಯಲ್ಲಿ ಬೆರಳಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಪ್ಲಾಸ್ಟಿಕ್ ಕಡ್ಡಿ, ಒಳಗೆ ಚಿಪ್ ಮತ್ತು ಬ್ಯಾಟರಿ. ಯಾವ ಚೆಕ್‌ಪಾಯಿಂಟಿಗೆ ಎಷ್ಟೊತ್ತಿಗೆ ಬಂದಿರಿ ಅನ್ನೋದನ್ನು ಇದು ದಾಖಲಿಸಿಕೊಳ್ಳುತ್ತದೆ.

ಮಾಮೂಲಿ ಕಾರ್ಡಾದರೆ ಪ್ರತಿ ಚೆಕ್‌ಪಾಯಿಂಟಿನಲ್ಲೂ ನಿಂತು, ಅಲ್ಲಿಟ್ಟ ಎಲೆಕ್ಟ್ರಾನಿಕ್ ಡಬ್ಬಿಯ ತೂತಿಗೆ ಕಾರ್ಡಿನ ತುದಿ ಇಟ್ಟು, ಬೀಪ್ ಬರುವ ತನಕ ಕಾಯಬೇಕು. ಇದರಲ್ಲಿ ಡಬ್ಬಿಯಿಂದ ಸುಮಾರು ಅರ್ಧ ಮೀಟರ್ ಒಳಗೆ ಕೈ ಹಾಯಿಸಿದರೆ ಸಾಕು, ಬೆರಳಲ್ಲೇ ಬೀಪ್ ಅಂದು ದೀಪ ಮಿನುಗುತ್ತದೆ, ನೀವು ಓಡ್ತಾನೇ ಇರಬಹುದು. ಆದರೆ ಆಯೋಜಕರು ಡಬ್ಬಿಗಳನ್ನು ಹೀಗೆ ದೂರದಿಂದಲೇ ಹಿಡಿಯುವ ಮೋಡ್‌ಗೆ ಹಾಕಿರಬೇಕು, ಇಲ್ಲದಿದ್ದರೆ ಇದನ್ನೂ ತೂತಿಗೇ ಇಡಬೇಕು. 128 ಚೆಕ್‌ಪಾಯಿಂಟುಗಳ ಸಮಯ ಹಿಡಿಯುತ್ತದೆ, ಉದ್ದದ ಓಟಕ್ಕೂ ಧಾರಾಳ.

ಓಟಕ್ಕೆ ಮುಂಚೆ ಕಾರ್ಡನ್ನು ‘ಕ್ಲಿಯರ್’ ಡಬ್ಬಿಗೆ ಇಟ್ಟು ಹಳೆಯ ದಾಖಲೆ ಅಳಿಸಿ, ಆಮೇಲೆ ‘ಚೆಕ್’ ಡಬ್ಬಿಗೆ ಇಡಿ. ಚೆಕ್ ಮಾಡಿದಾಗಲೇ ಕಾರ್ಡ್ ಆನ್ ಆಗೋದು, ಅದನ್ನು ಮರೆತು ಓಡಿದರೆ ಸುಮ್ನೆ ಕೈ ಬೀಸಿದ ಹಾಗಷ್ಟೇ.

ನನ್ನ ದೂರು ಬ್ಯಾಟರಿಯದೇ. ನಾವೇ ಬಿಚ್ಚಿ ಬದಲಾಯಿಸುವ ಹಾಗಿಲ್ಲ, ಸರ್ವಿಸ್‌ಗೆ ಕಳಿಸಬೇಕು. ಇಷ್ಟು ಬೆಲೆ ಕೊಟ್ಟ ಮೇಲೆ ಇದು ಬೇಜಾರಿನ ವಿಷಯ ಅಲ್ವಾ? ಸೆಕೆಂಡ್‌ಹ್ಯಾಂಡ್ ತಗೊಳ್ಳುವವರು ಮೊದಲು ಬ್ಯಾಟರಿ ಟೆಸ್ಟ್ ಮಾಡಿಸಿ.

ವರ್ಷಕ್ಕೆ ಒಂದೆರಡು ಓಟ ಅಷ್ಟೇ ಅನ್ನುವವರು ಬಾಡಿಗೆಗೆ ತಗೊಳ್ಳಿ, ಇಲ್ಲವೇ ಬ್ಯಾಟರಿ ಗೋಜೇ ಇಲ್ಲದ, ಇದೇ ಕಂಪನಿಯ 8ನೇ ನಂಬರಿನ ಮಾಮೂಲಿ ಕಾರ್ಡ್ ನೋಡಿ. ಅದರಲ್ಲಿ 30 ಚೆಕ್‌ಪಾಯಿಂಟ್ ಹಿಡಿಯುತ್ತದೆ. ಸ್ಪ್ರಿಂಟ್ ಓಡುವವರು ಮಾತ್ರ ಯೋಚನೆ ಮಾಡದೆ ಸಿಯಾಕೇ ತಗೊಳ್ಳಿ.