ಬ್ರಾಡ್‌ಬ್ಯಾಂಡ್ ವೇಗಕ್ಕೆ ಕಡಿವಾಣ: ನಾಲ್ಕು ಪರೀಕ್ಷೆಗಳ ಹೋಲಿಕೆ

ರಾತ್ರಿ ಒಂಬತ್ತಾದ ಮೇಲೆ ವಿಡಿಯೊ ಮಸುಕಾಗಿ, ತೆರೆಯ ನಡುವೆ ಚಕ್ರ ಸುತ್ತತೊಡಗುವ ಹೊತ್ತಿನಲ್ಲೇ ಸಂಪರ್ಕದ ವೇಗ ಅಳೆಯುವ ಊಕ್ಲಾದ ಸ್ಪೀಡ್‌ಟೆಸ್ಟ್ ನನಗೆ 96 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ತೋರಿಸುತ್ತಿತ್ತು. ನಾನು ಹಣ ಕಟ್ಟಿರುವುದು 100ಕ್ಕೆ. ಗ್ರಾಹಕ ಸೇವೆಯವರು ಮೂರು ಸಲವೂ ಆ ಸಂಖ್ಯೆಯನ್ನೇ ಮುಂದಿಟ್ಟು, ತೊಂದರೆ ನನ್ನ ವೈಫೈಯಲ್ಲಿದೆ ಎಂದು ದೂರನ್ನು ಮುಚ್ಚಿಬಿಟ್ಟರು. ಸೇವಾದಾತರೇ ಬೇಕೆಂದು ವಿಡಿಯೊಗಳ ವೇಗಕ್ಕೆ ಕಡಿವಾಣ ಹಾಕುತ್ತಿದ್ದಾರೆಯೇ ಎಂಬ ಅನುಮಾನ ನನ್ನದು. ಆದ್ದರಿಂದ ಕಂಪ್ಯೂಟರನ್ನು ಕೇಬಲ್ ಮೂಲಕ ನೇರವಾಗಿ ರೂಟರ್‌ಗೆ ಜೋಡಿಸಿ, ಮೂರು ವಾರಗಳ ಕಾಲ ಬೆಳಿಗ್ಗೆ, ಮಧ್ಯಾಹ್ನ ಮತ್ತು ರಾತ್ರಿ ಬೇರೆ ಬೇರೆ ಪರೀಕ್ಷೆಗಳನ್ನು ನಡೆಸಿ ಬರೆದಿಟ್ಟುಕೊಂಡೆ.

ಸ್ಪೀಡ್‌ಟೆಸ್ಟ್ ಸುಳ್ಳು ಹೇಳುವುದಿಲ್ಲ. ಆದರೆ ಅದು ಉತ್ತರಿಸುವ ಪ್ರಶ್ನೆಯೇ ಬೇರೆ. ಅದು ಸಾಮಾನ್ಯವಾಗಿ ಹತ್ತಿರದ ಸರ್ವರನ್ನು ಆರಿಸಿಕೊಳ್ಳುತ್ತದೆ, ಮತ್ತು ಆ ಸರ್ವರ್ ಎಷ್ಟೋ ಸಲ ಸೇವಾದಾತರ ಜಾಲದೊಳಗೇ ಇರುತ್ತದೆ. ಮನೆಯಿಂದ ಅವರ ಬಾಗಿಲವರೆಗಿನ ದಾರಿ ಚೆನ್ನಾಗಿದೆ ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ನೆಟ್‌ಫ್ಲಿಕ್ಸ್ 2016ರಲ್ಲಿ ಆರಂಭಿಸಿದ ವೇಗ ಪರೀಕ್ಷೆಯ ತಾಣ ಫಾಸ್ಟ್ ಡಾಟ್ ಕಾಮ್ ಆ ಸಂಸ್ಥೆಯದೇ ಸರ್ವರ್‌ಗಳಿಂದ ದತ್ತಾಂಶ ತರಿಸುವುದರಿಂದ, ಅದರ ವಿಡಿಯೊಗಳಿಗೆ ತಡೆ ಹಾಕಿದ್ದರೆ ಅಂಕಿಯೂ ಕುಸಿಯುವ ಸಾಧ್ಯತೆ ಹೆಚ್ಚು. ನನ್ನಲ್ಲಿ ರಾತ್ರಿಯ ಅಂಕಿ 20ರ ಆಸುಪಾಸಿಗೆ ಇಳಿಯುತ್ತಿತ್ತು. ಅನುಮಾನಕ್ಕೆ ಅದು ಸಾಕು, ಆರೋಪಕ್ಕೆ ಸಾಲದು, ಏಕೆಂದರೆ ಎರಡು ಜಾಲಗಳು ಕೂಡುವಲ್ಲಿ ದಟ್ಟಣೆಯಾದರೂ ವೇಗ ಹೀಗೆಯೇ ಇಳಿಯುತ್ತದೆ.

ದತ್ತಾಂಶವನ್ನು ಗೂಢಲಿಪಿಯಲ್ಲಿ ಸುತ್ತಿ ಬೇರೊಂದು ಸರ್ವರ್ ಮೂಲಕ ಸಾಗಿಸುವ ವಿಪಿಎನ್ ಬಳಸಿ ನೋಡುವಂತೆ ಅನೇಕರು ಸೂಚಿಸುತ್ತಾರೆ. ಆ ವಿಧಾನದಲ್ಲೂ ಇದೇ ತೊಡಕಿದೆ. ವಿಪಿಎನ್ ಹಾಕಿದೊಡನೆ ವಿಡಿಯೊ ಸರಾಗವಾಗಿ ಓಡಿತು, ನನಗೆ ಸಿಟ್ಟೂ ಬಂತು. ಆದರೆ ವಿಪಿಎನ್ ದತ್ತಾಂಶದ ಗುರುತನ್ನು ಮರೆಮಾಚುವುದರ ಜೊತೆಗೆ ಅದು ಸಾಗುವ ದಾರಿಯನ್ನೂ ಬದಲಿಸುತ್ತದೆ. ಎರಡರಲ್ಲಿ ಯಾವುದರಿಂದ ಪರಿಹಾರ ಸಿಕ್ಕಿತೆಂದು ಅದೊಂದರಿಂದಲೇ ಹೇಳಲಾಗದು.

ನನ್ನ ಅನುಭವದಲ್ಲಿ ನಿಜವಾಗಿ ಉಪಯೋಗಕ್ಕೆ ಬಂದದ್ದು ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ವೆಹೆ ಎಂಬ ಆ್ಯಪ್. ಅದು ಜನಪ್ರಿಯ ವಿಡಿಯೊ ಸೇವೆಯೊಂದರ ದತ್ತಾಂಶ ಹರಿವಿನ ಮೊದಲೇ ದಾಖಲಿಸಿಟ್ಟ ಪ್ರತಿಯನ್ನು ಒಮ್ಮೆ ಇದ್ದಂತೆಯೇ ಮರುಪ್ರಸಾರ ಮಾಡುತ್ತದೆ. ಮತ್ತೊಮ್ಮೆ ಅದೇ ಗಾತ್ರದ ಹರಿವನ್ನು, ಒಳಗಿನ ವಿಷಯ ಗುರುತು ಸಿಗದಂತೆ ಕಲಸಿ, ಅದೇ ಸರ್ವರ್‌ನಿಂದ ಕಳುಹಿಸುತ್ತದೆ. ದಾರಿ ಒಂದೇ, ಗಾತ್ರ ಒಂದೇ, ಬದಲಾಗುವುದು ಗುರುತು ಮಾತ್ರ. ಫೋನನ್ನು ರೂಟರ್ ಪಕ್ಕದಲ್ಲೇ ಇಟ್ಟು ಹನ್ನೊಂದು ರಾತ್ರಿ ಇದನ್ನು ನಡೆಸಿದಾಗ, ಒಂಬತ್ತು ರಾತ್ರಿ ಗುರುತುಳ್ಳ ಹರಿವು 6 ಎಂಬಿಪಿಎಸ್ ದಾಟಲಿಲ್ಲ. ಕಲಸಿದ ಹರಿವು 70ಕ್ಕಿಂತ ಕೆಳಗಿಳಿಯಲಿಲ್ಲ. ಬರಿಯ ದಟ್ಟಣೆಯಾಗಿದ್ದರೆ ರಾತ್ರಿಯಿಂದ ರಾತ್ರಿಗೆ ಎರಡೂ ಒಟ್ಟಾಗಿ ಸೊರಗಬೇಕಿತ್ತು.

ಇಂಥದ್ದು ಹಿಂದೆಯೂ ಬಯಲಾದದ್ದು ಹೋಲಿಕೆಯಿಂದ ಮತ್ತು ತಾಳ್ಮೆಯ ಪ್ರಯೋಗದಿಂದಲೇ. ಅಮೆರಿಕದ ಕಾಮ್‌ಕಾಸ್ಟ್ ಸಂಸ್ಥೆ ಬಿಟ್‌ಟೊರೆಂಟ್ (ಬಳಕೆದಾರರು ತಮ್ಮತಮ್ಮಲ್ಲೇ ಕಡತ ಹಂಚಿಕೊಳ್ಳುವ ವ್ಯವಸ್ಥೆ) ಸಂಪರ್ಕಗಳನ್ನು ಕಡಿಯುತ್ತಿದ್ದುದನ್ನು ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ 2007ರಲ್ಲಿ ತಾನೇ ಕಡತ ಕಳುಹಿಸಿ ದೃಢಪಡಿಸಿತು. ಸಂಪರ್ಕ ಮುಗಿಯಿತೆಂದು ಎರಡೂ ಕಡೆಯ ಕಂಪ್ಯೂಟರ್‌ಗಳನ್ನು ನಂಬಿಸುವ ನಕಲಿ ಸಂದೇಶಗಳನ್ನು ನಡುವೆ ತೂರಿಸಲಾಗುತ್ತಿತ್ತು. ಮರುವರ್ಷ ಅಲ್ಲಿನ ಸಂವಹನ ಆಯೋಗ ಸಂಸ್ಥೆಯ ವಿರುದ್ಧ ಆದೇಶ ನೀಡಿತಾದರೂ, 2010ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಪಡಿಸಿತು.

ಬಳಕೆಯ ಮಿತಿ ದಾಟಿದ ಮೇಲೆ ವೇಗ ಇಳಿಸುವುದಾಗಿ ಒಪ್ಪಂದದಲ್ಲೇ ಬರೆದಿದ್ದರೆ ಅದು ಬೇರೆ ಮಾತು. ನನ್ನ ಒಪ್ಪಂದದಲ್ಲಿ ಅಂಥ ಸಾಲಿಲ್ಲ. ನಾಲ್ಕನೆಯ ದೂರಿಗೆ ವೆಹೆಯ ಫಲಿತಾಂಶಗಳನ್ನು ದಿನಾಂಕ ಮತ್ತು ಸಮಯದೊಂದಿಗೆ ಲಗತ್ತಿಸಿದೆ. ಈ ಸಲ ಯಾರೂ ವೈಫೈಯ ಮಾತೆತ್ತಲಿಲ್ಲ. ತಾಂತ್ರಿಕ ವಿಭಾಗದವರು ಕರೆ ಮಾಡಿ ಆ ಒಂಬತ್ತು ರಾತ್ರಿಗಳ ಸಮಯವನ್ನು ಒಂದೊಂದಾಗಿ ಕೇಳಿ ಬರೆದುಕೊಂಡರು.