ಫ್ಯಾಮಿಲಿಸರ್ಚ್ ಆಪ್: ಅಳಿಯಸಂತಾನದ ಕುಟುಂಬಕ್ಕೆ ಹೊಂದುತ್ತದಾ?

ಫ್ಯಾಮಿಲಿಸರ್ಚ್ ಅಂದರೆ ವಂಶವೃಕ್ಷ ಕಟ್ಟುವ ಆಪ್, ಅಳಿಯಸಂತಾನ ಅಂದರೆ ತಾಯಿಯ ಕಡೆಯಿಂದ ಕುಟುಂಬ ಎಣಿಸುವ ನಮ್ಮ ಪದ್ಧತಿ. ಮೊದಲೇ ಹೇಳಿಬಿಡುತ್ತೇನೆ, ಹೊಂದುತ್ತದೆ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಆದರೆ ಆಪ್ ತೆರೆದ ಕೂಡಲೇ ಅದು ತೋರಿಸುವ ದಾರಿಯಲ್ಲೇ ಹೋದರೆ ನಮ್ಮ ತುಳುನಾಡಿನ ಕುಟುಂಬ ಅದರಲ್ಲಿ ಸರಿಯಾಗಿ ಮೂಡುವುದಿಲ್ಲ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮುಂಬಯಿಯಲ್ಲಿ ಹುಟ್ಟಿ ಬೆಳೆದು, ನಾಗರ ಪಂಚಮಿಗೋ ದೈವದ ಕೋಲಕ್ಕೋ ಮಾತ್ರ ಊರಿಗೆ ಹೋಗುವ ನಮ್ಮಂಥವರು ಎಷ್ಟೋ ಜನ ಇದ್ದಾರೆ, ಅಲ್ವಾ? ತರವಾಡು ಮನೆಯ, ಅಂದರೆ ಕುಟುಂಬದ ಮೂಲ ಮನೆಯ ಚಾವಡಿಯಲ್ಲಿ ಕೂತಿರುವ ಅರ್ಧ ಜನ ನಮಗೆ ಏನಾಗಬೇಕು ಅಂತಲೇ ಗೊತ್ತಿರುವುದಿಲ್ಲ. ಗೊತ್ತಿರುವ ಹಿರಿಯರಿಗೆ ವಯಸ್ಸಾಗುತ್ತಿದೆ. ರಿಟೈರ್ ಆದ ಮೇಲೆ ನೋಡೋಣ ಅನ್ನುವ ಕೆಲಸ ಇದಲ್ಲ.

ನನ್ನ ಮನೆ ಮೀರಾ ರೋಡ್, ಆಫೀಸು ಚರ್ಚ್‌ಗೇಟ್. ಬೆಳಿಗ್ಗೆ ಡಬ್ಬಿ ಕಟ್ಟಿ, ಮಗನನ್ನು ಶಾಲೆಗೆ ಬಿಟ್ಟು ಓಡಬೇಕು. ರಾತ್ರಿ ಅಡುಗೆ, ಹೋಮ್‌ವರ್ಕ್ ಮುಗಿಯುವಾಗ ಕಣ್ಣು ಮುಚ್ಚಿಕೊಂಡು ಬರುತ್ತದೆ. ನನಗೆ ಸಿಗುವ ಸಮಯ ಅಂದರೆ ಅಂಧೇರಿಯಲ್ಲಿ ಜನ ಇಳಿದು ಲೇಡೀಸ್ ಡಬ್ಬದಲ್ಲಿ ಸೀಟು ಸಿಕ್ಕಿದ ಮೇಲಿನದ್ದು. ಅಷ್ಟರಲ್ಲೇ ಒಂದಿಬ್ಬರ ಹೆಸರು ಸೇರಿಸಬಹುದು, ಅದೇ ಈ ಆಪ್‌ನಲ್ಲಿ ನನಗೆ ಹಿಡಿಸಿದ ಮೊದಲ ವಿಷಯ. ಹೆಸರು, ಹೆಣ್ಣೋ ಗಂಡೋ, ಇದ್ದಾರೋ ತೀರಿಕೊಂಡಿದ್ದಾರೋ, ಇಷ್ಟು ಹಾಕಿದರೆ ಸಾಕು, ಉಳಿದದ್ದು ಆಮೇಲೆ. ದುಡ್ಡೂ ಕೊಡಬೇಕಾಗಿಲ್ಲ. ಇದಕ್ಕೆ ಮೊದಲು ಬೇರೊಂದು ಆಪ್ ಹಾಕಿದ್ದೆ, ಅದರ ಹೆಸರು ಬೇಡ. ಒಂದಷ್ಟು ಹೆಸರು ಸೇರಿಸಿದ ಮೇಲೆ ವರ್ಷದ ಚಂದಾ ಕಟ್ಟಿ ಅಂತ ನಿಲ್ಲಿಸಿಬಿಟ್ಟಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಕುಟುಂಬ ಅಂದರೆ ತಾಯಿಯ ಕಡೆಯದ್ದು. ನಾನು, ನನ್ನ ಅಮ್ಮ, ಅಮ್ಮನ ಅಣ್ಣತಮ್ಮಂದಿರು, ಅಜ್ಜಿ, ಅಜ್ಜಿಯ ಅಕ್ಕತಂಗಿಯರ ಮಕ್ಕಳು, ಇವರೆಲ್ಲ ಒಂದೇ ಕುಟುಂಬ. ನನ್ನ ಸೋದರಮಾವನ ಮಕ್ಕಳು ಅವರ ತಾಯಿಯ ಕುಟುಂಬದವರು. ಬರಿಯೂ, ಅಂದರೆ ಕುಲದ ಹೆಸರೂ, ಹಾಗೆಯೇ ತಾಯಿಯಿಂದ ಬರುವುದು. ಆದರೆ ಮುಂಬಯಿಗೆ ಬಂದು ಶಾಲೆಗೆ ಸೇರಿಸುವಾಗ, ಪಾಸ್‌ಪೋರ್ಟ್ ಮಾಡಿಸುವಾಗ ಮಕ್ಕಳ ಹೆಸರಿನ ಮುಂದೆ ಅಪ್ಪನ ಸರ್‌ನೇಮ್ ಸೇರಿಕೊಂಡಿತು. ಹಾಗಾಗಿ ಕಾಗದದಲ್ಲಿ ಕೋಟ್ಯಾನ್ ಅಂತ ಇರುವವರ ನಿಜವಾದ ಬರಿ ಸಾಲ್ಯಾನ್ ಆಗಿರಬಹುದು. ಮದುವೆ ಮಾತುಕತೆಗೆ ಕೂತಾಗ ಹಿರಿಯರು ಕೇಳುವುದು ಬರಿಯನ್ನು, ಆಧಾರ್ ಕಾರ್ಡಿನಲ್ಲಿರುವುದನ್ನಲ್ಲ.

ಆಪ್‌ನಲ್ಲಿ ಇದಕ್ಕೆ ದಾರಿ ಇದೆ. ಒಬ್ಬೊಬ್ಬರ ಪುಟದಲ್ಲೂ ಬೇರೆ ಮಾಹಿತಿ ಸೇರಿಸುವ ಜಾಗದಲ್ಲಿ 'ಕ್ಲ್ಯಾನ್ ನೇಮ್' ಅಂತ ಒಂದು ಖಾನೆ ಸಿಗುತ್ತದೆ. ಬರಿಯನ್ನು ಅಲ್ಲಿ ಹಾಕಿ. ಸರ್‌ನೇಮ್ ದಾಖಲೆಯಲ್ಲಿ ಹೇಗಿದೆಯೋ ಹಾಗೇ ಇರಲಿ. ಮನೆಯಲ್ಲಿ ಕರೆಯುತ್ತಿದ್ದ ಹೆಸರು ಬೇರೆ ಇದ್ದರೆ ಅದನ್ನೂ ಇನ್ನೊಂದು ಹೆಸರಾಗಿ ಸೇರಿಸಬಹುದು. ನಮ್ಮ ಹಳೆಯ ಹೆಂಗಸರ ವಿಷಯದಲ್ಲಿ ಇದು ತುಂಬಾ ಮುಖ್ಯ, ಯಾಕೆಂದರೆ ಊರಿನಲ್ಲಿ ಅವರ ನಿಜವಾದ ಹೆಸರು ಹೇಳಿದರೆ ಯಾರಿಗೂ ಗುರುತು ಹತ್ತುವುದಿಲ್ಲ.

ಮರವನ್ನು ನೋಡುವ ರೀತಿ ಹಲವು ಇವೆ. ಫ್ಯಾನ್ ಚಾರ್ಟ್ ಅಂದರೆ ಅರ್ಧ ವೃತ್ತದ ನಕ್ಷೆ, ನಡುವೆ ನೀವು, ಎಡಕ್ಕೆ ಅಪ್ಪನ ಕಡೆ, ಬಲಕ್ಕೆ ಅಮ್ಮನ ಕಡೆ. ಇದನ್ನು ತೆರೆದು ಬಲಗಡೆಯ ಕೊಟ್ಟಕೊನೆಯ ಅಂಚನ್ನು ನೋಡಿ. ಅಮ್ಮ, ಅಮ್ಮನ ಅಮ್ಮ, ಅವರ ಅಮ್ಮ, ಹೀಗೆ ಅಂಚಿನ ಉದ್ದಕ್ಕೂ ಹೋಗುವುದೇ ನಮ್ಮ ಕುಟುಂಬದ ಬೇರು. ಬೇರೆಯವರ ಫ್ಯಾನ್ ಚಾರ್ಟ್‌ನಲ್ಲಿ ಮೊದಲು ಖಾಲಿ ಬೀಳುವುದು ಇದೇ ಅಂಚು. ನನ್ನದರಲ್ಲಿ ಜಾಸ್ತಿ ತುಂಬಿರುವುದು ಇದೇ.

ಆದರೆ ಈ ನಕ್ಷೆಯಲ್ಲಿ ಅಜ್ಜಿಯ ಅಕ್ಕತಂಗಿಯರು ಕಾಣುವುದಿಲ್ಲ. ಅದಕ್ಕೆ ಡಿಸೆಂಡೆನ್ಸಿ ನೋಟಕ್ಕೆ ಹೋಗಬೇಕು. ನಿಮಗೆ ಗೊತ್ತಿರುವ ಅತ್ಯಂತ ಹಳೆಯ ಹೆಂಗಸನ್ನು ತಲೆಯಲ್ಲಿ ಇಟ್ಟು, ಅಲ್ಲಿಂದ ಹೆಣ್ಣುಮಕ್ಕಳ ಸಾಲನ್ನು ಒಂದೊಂದಾಗಿ ಬಿಡಿಸುತ್ತಾ ಕೆಳಗೆ ಬನ್ನಿ. ನಮ್ಮ ಕುಟುಂಬದ ಯಜಮಾನರು ಕವರು, ಅಂದರೆ ಒಬ್ಬ ಹೆಂಗಸಿನಿಂದ ಇಳಿದು ಬಂದ ಕವಲು, ಎಣಿಸುವುದೂ ಹೀಗೇ. ಆಪ್ ಮಾಡಿದವರ ತಲೆಯಲ್ಲಿ ತುಳುನಾಡು ಇದ್ದಿರಲಿಕ್ಕಿಲ್ಲ, ಆದರೂ ಈ ಒಂದು ನೋಟ ನಮಗೆ ಅಂತಲೇ ಮಾಡಿದ ಹಾಗಿದೆ. ಸಮಯ ಇಲ್ಲದವರು ಇಷ್ಟನ್ನೇ ಮಾಡಿ, ಸಾಕು.

ಇಸವಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನಮ್ಮದು ಬಂಟ್ವಾಳದ ಕಡೆಯ ಮನೆ. ದೊಡ್ಡಮ್ಮನಿಗೆ ಫೋನ್ ಮಾಡಿ ಅಜ್ಜಿ ಹುಟ್ಟಿದ ವರ್ಷ ಕೇಳಿದರೆ, "ಅದೆಲ್ಲ ಯಾರು ಬರೆದಿಟ್ಟಿದ್ದಾರೆ ಮಗಾ, ಮಾರಿ ಬೊಳ್ಳ ಬಂದಾಗ ಅಮ್ಮ ಸೊಂಟದಲ್ಲಿ ಕೂರುವ ಮಗು ಅಂತೆ" ಅಂದರು. ನೇತ್ರಾವತಿ ಉಕ್ಕಿ ಬಂಟ್ವಾಳ, ಪಾಣೆಮಂಗಳೂರನ್ನು ಮುಳುಗಿಸಿದ ಆ ನೆರೆ 1923ರದ್ದು. ಆಪ್‌ನಲ್ಲಿ 'ಅಬೌಟ್ 1922' ಅಂತ ಹಾಕಬಹುದು, 'ಬಿಫೋರ್ 1923' ಅಂತಲೂ ಹಾಕಬಹುದು. ಎರಡನ್ನೂ ಒಪ್ಪುತ್ತದೆ. ಊರಿನ ಹೆಸರು ಹಾಕುವಾಗ ಮಾತ್ರ ಗಮನ ಇರಲಿ. 1956ರವರೆಗೆ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು, ಹಾಗಾಗಿ ಹಳೆಯ ಕಾಗದಗಳಲ್ಲಿ ಸೌತ್ ಕೆನರಾ, ಮದ್ರಾಸ್ ಅಂತಲೇ ಇರುತ್ತದೆ.

ದೊಡ್ಡಮ್ಮನ ಹತ್ತಿರ ಹೆಸರು ಹೊರಡಿಸುವುದಕ್ಕೆ ಒಂದು ಉಪಾಯ. ನಿಮ್ಮ ಅಜ್ಜಿಯ ಅಕ್ಕತಂಗಿಯರು ಯಾರ‍್ಯಾರು ಅಂತ ನೇರವಾಗಿ ಕೇಳಿದರೆ ನೆನಪಾಗುವುದಿಲ್ಲ. ನಿಮ್ಮ ಬಾಣಂತನ ಮಾಡಿದ್ದು ಯಾರು, ಮದುವೆಯಲ್ಲಿ ಧಾರೆಗೆ ನಿಂತದ್ದು ಯಾರು, ಬೊಂಬಾಯಿಗೆ ಮೊದಲು ಹೋದದ್ದು ಯಾವ ಮಾವ, ಅವರಿಗೆ ಹೋಟೆಲಿನಲ್ಲಿ ಕೆಲಸ ಕೊಡಿಸಿದ್ದು ಯಾರು ಅಂತ ಕೇಳಿ. ಒಂದು ಹೆಸರಿನ ಹಿಂದೆ ನಾಲ್ಕು ಹೆಸರು ತಾನಾಗಿ ಬರುತ್ತವೆ. ಅವರ ಒಪ್ಪಿಗೆ ಕೇಳಿ ದನಿ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಅದನ್ನು ಆಪ್‌ನ ಮೆಮೊರೀಸ್ ಭಾಗದಲ್ಲಿ ಸೇರಿಸಬಹುದು. ಫೋಟೋ, ಹಳೆಯ ಕಾಗದ ಎಲ್ಲಾ ಅಲ್ಲೇ ಇಡಬಹುದು. ನಾನು ಮೊದಲು ಹಾಕಿದ್ದು ಅಜ್ಜಿಯ ಟ್ರಂಕಿನಲ್ಲಿದ್ದ ಒಂದು ಲಗ್ನಪತ್ರಿಕೆ. ಮೂಲೆಗಳಲ್ಲಿ ಅರಶಿನದ ಕಲೆ, ಮಡಚಿದಲ್ಲಿ ಹರಿದಿದೆ. ಕರೆ ಇರುವುದು ಹುಡುಗಿಯ ಅಪ್ಪನ ಹೆಸರಿನಲ್ಲಿ ಅಲ್ಲ, ಸೋದರಮಾವನ ಹೆಸರಿನಲ್ಲಿ, ಕೆಳಗೆ ತರವಾಡು ಮನೆಯ ಹೆಸರು. ಆ ಒಂದು ಕಾರ್ಡಿನಿಂದ ಒಂದು ಕವರು ಪೂರ್ತಿ ಕೂಡಿಕೊಂಡಿತು. ಮನೆಯಲ್ಲಿ ಹಳೆಯ ಲಗ್ನಪತ್ರಿಕೆ ಇದ್ದರೆ ಸುಮ್ನೆ ರದ್ದಿಗೆ ಹಾಕಬೇಡಿ, ದಯವಿಟ್ಟು.

ಇನ್ನು ಇದರ ಮಿತಿ. ಹೆಸರು ಹಾಕಿದ ಕೂಡಲೇ ದಾಖಲೆ ಹುಡುಕಿ ಕೊಡುತ್ತದೆ ಅಂತ ಕಾಯಬೇಡಿ. ಹರಿದ್ವಾರದ ಪಂಡರು, ಅಂದರೆ ಅಲ್ಲಿನ ಪುರೋಹಿತರು, ಯಾತ್ರಿಕರ ವಂಶ ಬರೆದಿಡುವ ವಹಿಗಳ ಚಿತ್ರಗಳು ಫ್ಯಾಮಿಲಿಸರ್ಚ್‌ನವರ ಸಂಗ್ರಹದಲ್ಲಿ ಇವೆ, ಉತ್ತರದ ಕಡೆಯವರಿಗೆ ಅದು ದೊಡ್ಡ ನಿಧಿ. ನಮ್ಮ ದಾಖಲೆ ಊರಿನಲ್ಲೇ ಇದೆ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂದ ಮೇಲೆ ಕುಟುಂಬಗಳಲ್ಲಿ ಪಾಲು ಕೇಳುವ ಹಕ್ಕು ಬಂತು. ಆಗ ಬರೆದ ಪಾಲುಪತ್ರಗಳಲ್ಲಿ ಯಾವ ಕವರಿನಲ್ಲಿ ಯಾರ‍್ಯಾರು ಅಂತ ಮಕ್ಕಳ ಸಮೇತ ಹೆಸರು ಸಿಗುವುದುಂಟು. ರಿಜಿಸ್ಟರ್ ಆಗಿದ್ದರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಪ್ರತಿ ಕೇಳಬಹುದು. ಗೇಣಿಗೆ ಇದ್ದ ಮನೆಯಾದರೆ 1974ರ ನಂತರ ಭೂಸುಧಾರಣೆಯಲ್ಲಿ ಜಾಗವನ್ನು ತಮ್ಮ ಹೆಸರಿಗೆ ಕೇಳಿ ಡಿಕ್ಲರೇಶನ್ ಕೊಟ್ಟ ಫೈಲು ಇರಬಹುದು, ಅದೇ ಏಳನೇ ನಮೂನೆಯ ಅರ್ಜಿ. ಅದರಲ್ಲಿ ಮನೆಯವರ ಹೇಳಿಕೆಯೂ ಸಿಕ್ಕರೆ ನಿಮ್ಮ ಅದೃಷ್ಟ. ಇವತ್ತಿನ ಪಹಣಿಯನ್ನು ಭೂಮಿ ವೆಬ್‌ಸೈಟಿನಲ್ಲಿ ಇಲ್ಲಿಂದಲೇ ನೋಡಬಹುದು, ಸರ್ವೆ ನಂಬರ್ ಗೊತ್ತಿದ್ದರೆ ರೈಲಿನಲ್ಲೇ ಆಗುವ ಕೆಲಸ. ಇವುಗಳಿಂದ ಹೆಸರುಗಳನ್ನು ನೀವೇ ತರಬೇಕು, ಆಪ್ ಜೋಡಿಸಿ ಇಡುತ್ತದೆ ಅಷ್ಟೇ. ಒಂದು ಸ್ಟಾರ್ ಕಡಿಮೆ ಆದದ್ದು ಇದಕ್ಕೇ.

ನನ್ನ ಸೋದರಮಾವ ಕೇಳಿದ್ದು ಬೇರೆ ಪ್ರಶ್ನೆ. "ಚರ್ಚಿನವರಿಗೆ ನಮ್ಮ ಹಿರಿಯರ ಹೆಸರು ಎಂತಕ್ಕೆ ಮಗಾ?" ನ್ಯಾಯವಾದ ಪ್ರಶ್ನೆ, ಎಲ್ಲರೂ ತಿಳಿದುಕೊಂಡಿರಬೇಕು. ಇದನ್ನು ನಡೆಸುವುದು ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಮಾರ್ಮನ್ ಚರ್ಚ್. 1894ರಲ್ಲೇ ವಂಶದ ದಾಖಲೆ ಕೂಡಿಸುವ ಸಂಘ ಕಟ್ಟಿದರು, 1999ರಲ್ಲಿ ವೆಬ್‌ಸೈಟ್ ಶುರು ಮಾಡಿದರು. ತೀರಿಕೊಂಡ ಪೂರ್ವಜರ ಪರವಾಗಿ ದೀಕ್ಷೆಯಂಥ ವಿಧಿ ಮಾಡುವುದು ಅವರ ನಂಬಿಕೆ. ತಮ್ಮ ಸ್ವಂತ ಪೂರ್ವಜರಿಗೆ ಮಾತ್ರ ಮಾಡಬೇಕು ಅಂತ ಅವರದೇ ನಿಯಮ ಇದೆ. ಬಳಸುವವರು ಯಾವ ಧರ್ಮದವರಾದರೂ ಆಗಬಹುದು. ನಾನು ಇದನ್ನೆಲ್ಲ ಮಾವನಿಗೆ ಬಿಡಿಸಿ ಹೇಳಿದೆ, ಅವರು ಒಪ್ಪಿದ ಮೇಲೆಯೇ ಮುಂದುವರಿದೆ. ನಿಮ್ಮ ಮನೆಯಲ್ಲೂ ಹಿರಿಯರನ್ನು ಕೇಳದೆ ಶುರು ಮಾಡಬೇಡಿ. ಅವರಿಗೆ ಸರಿ ಬರದಿದ್ದರೆ ಗ್ರ್ಯಾಂಪ್ಸ್ ಅಂತ ಇನ್ನೊಂದು ಸಾಫ್ಟ್‌ವೇರ್ ಇದೆ. ಅದೂ ಉಚಿತ, ಮಾಹಿತಿ ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ. ಆದರೆ ಅದಕ್ಕೆ ಮೇಜಿನ ಮುಂದೆ ಕೂರುವ ಪುರುಸೊತ್ತು ಬೇಕು.

ಇನ್ನೊಂದು ಮಾತು. ಇಲ್ಲಿ ನಿಮ್ಮ ಮರ ಅಂತ ಬೇರೆ ಇರುವುದಿಲ್ಲ, ಇಡೀ ಜಗತ್ತಿಗೆ ಒಂದೇ ಮರ. ಬದುಕಿರುವವರ ವಿವರ ಹೊರಗಿನವರಿಗೆ ಕಾಣುವುದಿಲ್ಲ, ಆದರೆ ತೀರಿಕೊಂಡವರ ಪುಟವನ್ನು ಯಾರು ಬೇಕಾದರೂ ತಿದ್ದಬಹುದು. ಯಾರು ಏನು ಬದಲಿಸಿದರು ಅನ್ನುವುದು ದಾಖಲಾಗಿರುತ್ತದೆ, ಹಿಂದಿನಂತೆ ಮಾಡಲೂ ಬರುತ್ತದೆ. ಮುಖ್ಯ ಹಿರಿಯರ ಪುಟಗಳಿಗೆ 'ಫಾಲೋ' ಒತ್ತಿಟ್ಟರೆ ಬದಲಾವಣೆ ಆದಾಗ ತಿಳಿಸುತ್ತದೆ. ಪಾಲುಪತ್ರ, ಪಹಣಿಯಂಥ ಜಾಗದ ಕಾಗದಗಳನ್ನು ಮಾತ್ರ ಅಲ್ಲಿ ಹಾಕಲೇಬೇಡಿ. ಹೆಸರುಗಳನ್ನು ಬರೆದುಕೊಂಡು ಕಾಗದವನ್ನು ಮನೆಯ ಕಪಾಟಿನಲ್ಲಿ ಇಡಿ, ಜೊತೆಗೆ ಪೂರ್ತಿ ಕುಟುಂಬದ ಪಟ್ಟಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದು ಅದರ ಜೆರಾಕ್ಸ್ ಒಂದನ್ನು ತರವಾಡು ಮನೆಗೆ ಕೊಡಿ.