ಲಾಲ್‌ಬಾಗೋ, ಕೆಮ್ಮಣ್ಣುಗುಂಡಿಯೋ? ಹಾಸನದಿಂದ ಹೊರಟ ನಾಲ್ವರ ಲೆಕ್ಕ

ನಾವು ನಾಲ್ಕು ಜನ ಗೆಳತಿಯರು. ಹಾಸನದಲ್ಲೇ ಒಟ್ಟಿಗೆ ಓದಿದವರು. ಯುಗಾದಿ ಹತ್ತಿರ ಬರುವಾಗ, ಮನೆಯ ಕೆಲಸ, ಮಕ್ಕಳ ಪರೀಕ್ಷೆ ಎಲ್ಲದರ ನಡುವೆ ಒಂದು ದಿನ ಬಿಡುವು ಮಾಡಿಕೊಂಡು ಗಿಡಮರ ನೋಡಲು ಹೋಗುತ್ತೇವೆ. ಹೋದ ವರ್ಷ ಮಾರ್ಚ್‌ನಲ್ಲಿ ಕೆಮ್ಮಣ್ಣುಗುಂಡಿಗೆ ಹೋಗಿದ್ದೆವು. ಈ ವರ್ಷ ಲಾಲ್‌ಬಾಗ್‌ಗೆ. ಅಂದಿನಿಂದ ಯಾವುದು ಚೆನ್ನಾಗಿತ್ತು ಎಂದು ಪರಿಚಯದವರೆಲ್ಲ ಕೇಳುತ್ತಿದ್ದಾರೆ. ನಾನು ಅವರಿಗೆ ತಿರುಗಿ ಕೇಳುವುದು ಒಂದೇ: ರಾತ್ರಿ ಉಳಿಯುತ್ತೀರಾ, ಅದೇ ದಿನ ವಾಪಸ್ ಬರುತ್ತೀರಾ?

ಅದೇ ದಿನ ವಾಪಸ್ ಬರುವುದಾದರೆ ಲಾಲ್‌ಬಾಗ್. ದೂರ ನೋಡಿದರೆ ಇದು ತಲೆಕೆಳಗಾದ ಮಾತು ಅನ್ನಿಸಬಹುದು. ಬೆಂಗಳೂರು ನಮಗೆ ಕೆಮ್ಮಣ್ಣುಗುಂಡಿಗಿಂತ ಎಷ್ಟೋ ದೂರ. ಆದರೆ ನಿಧಾನವಾಗಿ ನೋಡುವ ಸುಖ ಕಿಲೋಮೀಟರ್ ಲೆಕ್ಕದಲ್ಲಿ ಸಿಗುವುದಿಲ್ಲ.

ಕೆಮ್ಮಣ್ಣುಗುಂಡಿಗೆ ನಾವು ಕಾರಿನಲ್ಲಿ ಹೋದೆವು. ಬೆಳಿಗ್ಗೆ 6ಕ್ಕೆ ಹೊರಟು ಬೇಲೂರು, ಚಿಕ್ಕಮಗಳೂರು ದಾಟಿ ಲಿಂಗದಹಳ್ಳಿ ಕಡೆಯಿಂದ ಹತ್ತಿದೆವು. ದಾರಿ ಬಹಳ ಚೆಂದ. ತೋಟಗಳ ನೆರಳಿಗೆ ಬೆಳೆಸಿದ ಹಾಲುವಾಣದ ಮರಗಳು ಎಲೆ ಉದುರಿಸಿ ಬರೀ ಕೆಂಪು ಹೂ ಹೊತ್ತಿದ್ದವು. ಆದರೆ ಘಾಟಿಯ ತಿರುವುಗಳಲ್ಲಿ ಒಬ್ಬ ಗೆಳತಿಗೆ ಹೊಟ್ಟೆ ತೊಳೆಸಿ, ಮೂರು ಕಡೆ ಗಾಡಿ ನಿಲ್ಲಿಸಬೇಕಾಯಿತು. ಕಾರು ಓಡಿಸಿದವಳು ರಸ್ತೆ ಬಿಟ್ಟು ಬೇರೇನೂ ನೋಡಲಿಲ್ಲ. ಮೇಲೆ ಮುಟ್ಟುವಾಗ 11 ಗಂಟೆ. ಕತ್ತಲಾಗುವ ಮೊದಲು ಘಾಟಿ ಇಳಿಯಬೇಕು ಎಂದು 3ಕ್ಕೇ ಹೊರಟೆವು. ಮಧ್ಯೆ ಉಳಿದ 4 ಗಂಟೆಯಲ್ಲಿ ಊಟವೂ ಆಗಬೇಕು, ಗುಲಾಬಿ ತೋಟವೂ ಆಗಬೇಕು, ಜ಼ಡ್ ಪಾಯಿಂಟ್ ಎಂಬ ಬೆಟ್ಟದ ತುದಿಯೂ ಆಗಬೇಕು. ಒಂದು ಮರದ ಕೆಳಗೂ ಸುಮ್ನೆ ಕೂರಲು ಆಗಲಿಲ್ಲ. ಮಂಡಿ ನೋವಿನ ಗೆಳತಿ ಜ಼ಡ್ ಪಾಯಿಂಟ್ ದಾರಿಯಲ್ಲಿ ಸ್ವಲ್ಪ ದೂರ ಬಂದು, "ನೀವು ಹೋಗಿ ಬನ್ರೇ" ಎಂದು ಹಿಂದೆಯೇ ಉಳಿದಳು. ಅವಳನ್ನು ಬಿಟ್ಟು ಹೋದದ್ದು ನನಗೆ ಇವತ್ತಿಗೂ ಬೇಜಾರು.

ಹಾಗಂತ ಜಾಗದ ಬಗ್ಗೆ ಒಂದು ಮಾತೂ ಕೆಟ್ಟದಾಗಿ ಹೇಳುವಂತಿಲ್ಲ. 1434 ಮೀಟರ್ ಎತ್ತರ. ನಾಲ್ವಡಿ ಕೃಷ್ಣರಾಜ ಒಡೆಯರ್ ಬೇಸಿಗೆಗೆ ಬಂದು ಇರುತ್ತಿದ್ದ ಗಿರಿಧಾಮ, ಈಗ ತೋಟಗಾರಿಕೆ ಇಲಾಖೆ ನೋಡಿಕೊಳ್ಳುತ್ತಿದೆ. ಹೆಸರಿಗೆ ತಕ್ಕಂತೆ ಮಣ್ಣು ಕೆಂಪು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದದ್ದು ಈ ಬೆಟ್ಟದಿಂದಲೇ. ಮನೆಗೆ ಬಂದು ಚಪ್ಪಲಿ ತೊಳೆದರೆ ಬಚ್ಚಲಿನ ನೀರು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು.

ಅಲ್ಲಿ ನನಗೆ ಹೂವಿಗಿಂತ ಹಿಡಿಸಿದ್ದು ಚಿಗುರು. ದಾರಿ ಬದಿಯ ಕಾಡುಮರವೊಂದರ ಕೊಂಬೆ ತುದಿಯಲ್ಲಿ ಎಳೆ ಎಲೆಗಳು ಗೊಂಚಲಾಗಿ ಇಳಿಬಿದ್ದಿದ್ದವು. ತಾಮ್ರದ ಚೊಂಬನ್ನು ಹುಣಸೆಹಣ್ಣು ಹಾಕಿ ಉಜ್ಜಿದಾಗ ಬರುತ್ತದಲ್ಲ, ಅದೇ ಬಣ್ಣ. ಮುಟ್ಟಿದರೆ ಒದ್ದೆ ರೇಷ್ಮೆಯ ಹಾಗೆ ಮೆತ್ತಗೆ. ಅದೇ ಕೊಂಬೆಯಲ್ಲಿ ನಾಲ್ಕು ಬೆರಳು ಹಿಂದೆ ಬಂದರೆ ಎಲೆ ತಿಳಿ ಹಸಿರು, ಇನ್ನೂ ಹಿಂದೆ ದಟ್ಟ ಹಸಿರು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವ ಗೆಳತಿ ಹೇಳಿದಳು: "ಹಸಿರು ತುಂಬೋ ತನಕ ಬಿಸಿಲಿಗೆ ಎಲೆ ಸುಡದೇ ಇರಲಿ ಅಂತ ಈ ಕೆಂಪು ಕಣೇ." ಇಂಥದ್ದನ್ನು ನೋಡಲು ಗಂಟೆಗಟ್ಟಲೆ ಸಮಯ ಬೇಕು. ನಮಗೆ ಸಿಕ್ಕಿದ್ದು ಐದು ನಿಮಿಷ.

ಲಾಲ್‌ಬಾಗ್‌ಗೆ ಹೋದದ್ದು ರೈಲಿನಲ್ಲಿ. ಶ್ರವಣಬೆಳಗೊಳ, ಕುಣಿಗಲ್ ಮೇಲೆ ಹೋಗುವ ಬೆಳಗಿನ ರೈಲು. ಹಸಿರು ಮಾರ್ಗದ ಮೆಟ್ರೋ ಹತ್ತಲು ಯಶವಂತಪುರದಲ್ಲೇ ಇಳಿದುಕೊಂಡೆವು. ಅದು ನೇರವಾಗಿ ಲಾಲ್‌ಬಾಗ್ ನಿಲ್ದಾಣಕ್ಕೆ ತಂದು ಬಿಡುತ್ತದೆ. ಆಟೋ ಬೇಡ, ಚೌಕಾಸಿ ಬೇಡ. ಯಾರೂ ಗಾಡಿ ಓಡಿಸಬೇಕಿಲ್ಲ, ಯಾರಿಗೂ ಹೊಟ್ಟೆ ತೊಳೆಸಲಿಲ್ಲ. ಕಟ್ಟಿಕೊಂಡು ಹೋಗಿದ್ದ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ರೈಲಿನಲ್ಲೇ ಖಾಲಿ. ಮಾತು ಅಲ್ಲಿಂದಲೇ ಶುರುವಾಗಿತ್ತು. ಕಾರಿನಲ್ಲಿ ನಾಲ್ವರೂ ಎದುರುಬದುರು ಕೂತು ಮಾತಾಡಲು ಆಗುತ್ತದಾ?

ಲಾಲ್‌ಬಾಗ್ ನಿಜವಾದ ಅರ್ಥದಲ್ಲಿ ಸಸ್ಯೋದ್ಯಾನ. 1760ರಲ್ಲಿ ಹೈದರ್ ಅಲಿ ಶುರು ಮಾಡಿಸಿದ್ದು, ಟಿಪ್ಪು ಹೊರದೇಶಗಳಿಂದ ಗಿಡ ತರಿಸಿ ಬೆಳೆಸಿದ್ದು, 1856ರಲ್ಲಿ ಸರ್ಕಾರಿ ಸಸ್ಯೋದ್ಯಾನ ಆದದ್ದು. 240 ಎಕರೆ. ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ. ಅಲ್ಲಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಮುಖ್ಯವಾದ ಮಾತೆಂದರೆ ಎಷ್ಟೋ ಮರಗಳಿಗೆ ಹೆಸರಿನ ಫಲಕ ಇದೆ. ಯಾವ ಮರ, ಯಾವ ದೇಶದ್ದು ಎಂದು ಓದಿಕೊಂಡು ಹೋಗಬಹುದು. ಕೆಮ್ಮಣ್ಣುಗುಂಡಿಯ ಕಾಡಿನಲ್ಲಿ ಆ ಗೆಳತಿ ಇಲ್ಲದಿದ್ದರೆ ನಮಗೆ ಎಲ್ಲವೂ ಬರೀ "ಒಂದು ಮರ" ಆಗಿರುತ್ತಿತ್ತು.

ಅಲ್ಲಿನ ನಾಗಲಿಂಗದ ಮರದ ಹತ್ತಿರ ನಾವು ಮುಕ್ಕಾಲು ಗಂಟೆ ಕಳೆದೆವು. ಹೂ ಕೊಂಬೆಯ ತುದಿಯಲ್ಲಿ ಬಿಡುವುದಿಲ್ಲ, ಕಾಂಡದಿಂದಲೇ ಹೊರಟ ಒರಟು ಕಡ್ಡಿಗಳಲ್ಲಿ ಬಿಡುತ್ತದೆ. ಬಿದ್ದಿದ್ದ ಒಂದು ಹೂವನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದೆವು. ದಪ್ಪಗೆ, ಮೇಣ ಸವರಿದ ಹಾಗಿರುವ 6 ಎಸಳು. ನಡುವೆ ಬಿಳಿ ಬಿಲ್ಲೆ, ಅದರ ಮೇಲೆ ಹೆಡೆ ಬಿಚ್ಚಿದಂತೆ ಬಾಗಿದ ಕೇಸರಗಳು. ಲಿಂಗದ ಮೇಲೆ ನಾಗನ ನೆರಳು ಎಂದು ನಮ್ಮ ಹಿರಿಯರು ಕಂಡರಲ್ಲ, ನೋಡಿದ ಮೇಲೆ ಬೇರೆ ಹೆಸರೇ ಹೊಳೆಯುವುದಿಲ್ಲ. ಮರ ಮಾತ್ರ ದಕ್ಷಿಣ ಅಮೆರಿಕದ್ದು! ಮಂಡಿ ನೋವಿನ ಗೆಳತಿ ಈ ಸಲ ಪೂರ್ತಿ ನಮ್ಮ ಜೊತೆಗಿದ್ದಳು. ಸಮತಟ್ಟು ದಾರಿ, ಕೂರಲು ಬೆಂಚು, ಸುಸ್ತಾದರೆ ಬ್ಯಾಟರಿ ಗಾಡಿ. ಮಧ್ಯಾಹ್ನ ಲಾಲ್‌ಬಾಗ್ ರಸ್ತೆಯ ಎಂಟಿಆರ್‌ನಲ್ಲಿ ಊಟ.

ಲಾಲ್‌ಬಾಗ್‌ನಲ್ಲಿ ಸಿಗದೇ ಇದ್ದದ್ದು ನಿಶ್ಶಬ್ದ. ಎಷ್ಟು ಒಳಗೆ ಹೋದರೂ ಹಾರ್ನ್ ಕಿವಿಗೆ ಬೀಳುತ್ತದೆ. ಭಾನುವಾರ ಹೋಗಲೇಬೇಡಿ. 12ರ ಮೇಲೆ ಬಿಸಿಲೂ ಜೋರು, ಬೆಳಗಿನ ತಂಪಲ್ಲೇ ಹೆಚ್ಚು ನಡೆದು ಮುಗಿಸಿ. ಕೆಮ್ಮಣ್ಣುಗುಂಡಿಯಲ್ಲಿ ಗಾಳಿ ನಿಂತರೆ ಎಲೆ ಬೀಳುವ ಸದ್ದೂ ಕೇಳಿಸುತ್ತಿತ್ತು.

ಎರಡಕ್ಕೂ ಹೋಗಲು ಆಗದಿದ್ದರೆ ನಮ್ಮೂರಿನ ಮಹಾರಾಜ ಪಾರ್ಕ್ ಇದ್ದೇ ಇದೆ. ಬೆಳಿಗ್ಗೆ ಒಂದು ಗಂಟೆ, ಆಮೇಲೆ ಹೊರಗೆ ಒಂದು ಕಾಫಿ. ಮಾತಿಗೆ ಅಷ್ಟು ಸಾಕು.

ಒಂದು ರಾತ್ರಿ ಉಳಿಯಲು ಆಗುವುದಾದರೆ ನನ್ನ ಓಟು ಎರಡು ಮಾತಿಲ್ಲದೆ ಕೆಮ್ಮಣ್ಣುಗುಂಡಿಗೆ. ಮೊದಲ ದಿನ ನಿಧಾನವಾಗಿ ಹತ್ತಿ, ಸಂಜೆ ಅಲ್ಲಿನ ರಾಜಭವನ ಅತಿಥಿಗೃಹದ ಮುಂದೆ ಸೂರ್ಯ ಮುಳುಗುವುದನ್ನು ನೋಡಿ, ಮರುದಿನ ಬೆಳಿಗ್ಗೆ ಜನ ಬರುವ ಮೊದಲು ಕಾಡಿನ ದಾರಿ ಹಿಡಿಯಬೇಕು. ಕೊಠಡಿ ಮೊದಲೇ ಗೊತ್ತು ಮಾಡಿಕೊಳ್ಳಿ. ತಿಂಡಿ ಚೀಲ ಕೈಯಲ್ಲಿ ಹಿಡಿದು ಓಡಾಡಬೇಡಿ, ಕೋತಿಗಳ ಕಾಟ ಇದೆ.

ದಿನ ಆರಿಸುವುದೂ ಮುಖ್ಯ. ತೋಟಗಳಲ್ಲಿ ಕಾಫಿ ಹೂ ಬಿಡುವುದು ಹೂಮಳೆ, ಅಂದರೆ ಬೇಸಿಗೆಯ ಮೊದಲ ಮಳೆ, ಬಿದ್ದ ಮೇಲೆ. ಒಂದು ಇಂಚಿನಷ್ಟು ಮಳೆಯಾದರೆ, ಒಂಬತ್ತು ಹತ್ತು ದಿನಕ್ಕೆ ಅರೇಬಿಕಾ ತೋಟವೆಲ್ಲ ಬೆಳ್ಳಗಾಗುತ್ತದೆ, ದಾರಿಯುದ್ದಕ್ಕೂ ಮಲ್ಲಿಗೆಯಂಥ ಪರಿಮಳ. ಎರಡು ಮೂರು ದಿನದಲ್ಲಿ ಹೂ ಬಾಡಿ ಕಂದಾಗುತ್ತದೆ. ಹೋದ ವರ್ಷ ನಮಗೆ ಅದು ತಪ್ಪಿತು. ಈ ಸಲ ಚಿಕ್ಕಮಗಳೂರಿನಲ್ಲಿ ತೋಟ ಇರುವ ನೆಂಟರೊಬ್ಬರಿಗೆ ಹೇಳಿಟ್ಟಿದ್ದೇವೆ. ಮಳೆ ಬಿದ್ದ ದಿನವೇ ಅವರು ಫೋನ್ ಮಾಡುತ್ತಾರೆ. ಅಲ್ಲಿಂದ ಒಂಬತ್ತನೇ ದಿನ ಹೊರಡುವುದು. ಮಂಡಿ ನೋವಿನ ಗೆಳತಿ ಈಗಲೇ ಬ್ಯಾಗು ತೆಗೆದಿಟ್ಟಿದ್ದಾಳೆ.